ಸ್ಟ್ಯಾಬ್‌ವೂಂಡ್, ಅಬ್‌ಸ್ಕ್ಯೂರಾ: ಎರಡನ್ನೂ ನುಡಿಸಿ ನೋಡಿದ ಮೇಲೆ

ಟೆಕ್ನಿಕಲ್ ಡೆತ್ ಮೆಟಲ್, ಅಂದರೆ ಕಠಿಣ ನುಡಿಸಾಣಿಕೆಯ ಒರಟು ಮೆಟಲ್ ಸಂಗೀತ, ಕೇಳುವವರ ನಡುವೆ ಮತ್ತೆ ಮತ್ತೆ ಬರುವ ಹೆಸರುಗಳಲ್ಲಿ ಈ ಎರಡು ಹಾಡುಗಳೂ ಇವೆ. ಒಂದು ಜರ್ಮನಿಯ ನೆಕ್ರೊಫೇಜಿಸ್ಟ್ ಬ್ಯಾಂಡಿನ ‘ಸ್ಟ್ಯಾಬ್‌ವೂಂಡ್’, 2004ರ ‘ಎಪಿಟಾಫ್’ ಆಲ್ಬಮ್ಮಿನ ಮೊದಲ ಹಾಡು. ಇನ್ನೊಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಗೋರ್ಗಟ್ಸ್ ಬ್ಯಾಂಡಿನ ‘ಅಬ್‌ಸ್ಕ್ಯೂರಾ’. 1998ರಲ್ಲಿ ಬಂದ ಅದೇ ಹೆಸರಿನ ಆಲ್ಬಮ್ ಶುರುವಾಗುವುದೇ ಈ ಹಾಡಿನಿಂದ. ಎರಡನ್ನೂ ತುಂಬಾ ಕೇಳಿದ್ದೇನೆ, ಗಿಟಾರ್ ಹಿಡಿದು ಕಲಿಯಲೂ ಕೂತಿದ್ದೇನೆ.

‘ಸ್ಟ್ಯಾಬ್‌ವೂಂಡ್’ 3 ನಿಮಿಷವೂ ಇಲ್ಲ. ಅಷ್ಟರಲ್ಲೇ ರಿಫ್ (ಮರುಕಳಿಸುವ ಗಿಟಾರ್ ತುಣುಕು) ಮೇಲೆ ರಿಫ್, ನಡುವೆ ಸ್ವೀಪ್ ಪಿಕಿಂಗ್ (ತಂತಿಗಳ ಮೇಲೆ ಪಿಕ್ ಅನ್ನು ಒಂದೇ ಬೀಸಿನಲ್ಲಿ ಎಳೆಯುವುದು) ತುಂಬಿದ ಸೋಲೊ. ವೇಗ ನೋಡಿ ಹೆದರಿಕೆ ಆಗುವುದು ನಿಜ. ಆದರೆ ತಾಳ ಹಾಕುವ ಮೆಟ್ರೊನೋಮ್‌ನ ವೇಗ ಇಳಿಸಿ ನಿಧಾನವಾಗಿ ನುಡಿಸಿದರೆ ಒಳಗಿರುವ ರಾಗ ಚೆನ್ನಾಗಿ ಕೇಳುತ್ತದೆ. ನೆಕ್ರೊಫೇಜಿಸ್ಟ್‌ನ ಗಿಟಾರಿಸ್ಟ್, ಗಾಯಕ ಮುಹಮ್ಮದ್ ಸುಯಿಚ್‌ಮೆಜ್ ಬರೆದ ಗಿಟಾರ್ ಸಾಲುಗಳಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಶಿಸ್ತು ಇದೆ. ಅದೇ ಆಲ್ಬಮ್ಮಿನ ಇನ್ನೊಂದು ಹಾಡಿನಲ್ಲಿ ರಷ್ಯನ್ ಸಂಗೀತಕಾರ ಪ್ರೊಕೊಫಿಯೆವ್‌ನ ಧಾಟಿಯೇ ಬಂದುಬಿಡುತ್ತದೆ. ಕೈ ಸೋಲುತ್ತದೆ, ಆದರೆ ಮುಂದೆ ಎಲ್ಲಿಗೆ ಹೋಗಬೇಕು ಅನ್ನುವ ಗೊಂದಲ ಇರುವುದಿಲ್ಲ.

‘ಅಬ್‌ಸ್ಕ್ಯೂರಾ’ದಲ್ಲಿ ಕಷ್ಟ ಇರುವುದೇ ಬೇರೆ ಕಡೆ. ಬೆರಳಿಗೆ ಅಷ್ಟು ವೇಗ ಬೇಡ. ಕಿವಿ ಮಾತ್ರ ಒಪ್ಪುವುದಿಲ್ಲ. ತಂತಿ ಕೆರೆಯುವ ಸದ್ದು, ಒಂದಕ್ಕೊಂದು ಉಜ್ಜುವ ಸ್ವರಗಳು, ಮುಗ್ಗರಿಸಿ ಮತ್ತೆ ಎದ್ದು ನಡೆಯುವ ಲಯ. ಗೋರ್ಗಟ್ಸ್‌ನ ಲೂಕ್ ಲಮೇ, ಸ್ಟೀವ್ ಹರ್ಡಲ್ ಇಬ್ಬರ ಗಿಟಾರ್‌ಗಳಲ್ಲಿ ಒಂದನ್ನೇ ಕಲಿತರೆ ಏನೂ ಸಿಗದು. ಎರಡೂ ಸೇರಿದಾಗಲೇ ಅದು ಹಾಡು. ಮೇಲೆ ಲಮೇಯ ಕೂಗು, ನಿಜವಾಗಿ ನೋವು ತಿನ್ನುತ್ತಿರುವವರ ಕೂಗು. ಮೊದಮೊದಲು ಬರೀ ಗದ್ದಲ ಅನ್ನಿಸಿದರೆ ಬಿಡಬೇಡಿ. ಆ ಅಪಸ್ವರಗಳು ಬೇಕೆಂದೇ ಅಲ್ಲಿವೆ ಎಂದು ಹೊಳೆದ ಮೇಲೆ ಬೇರೆ ಡೆತ್ ಮೆಟಲ್ ಸ್ವಲ್ಪ ಸಪ್ಪೆ ಅನ್ನಿಸುತ್ತದೆ.

ಇನ್ನು ಇವು ಬಿಟ್ಟುಹೋದದ್ದರ ವಿಷಯ. ಜರ್ಮನಿಯಲ್ಲಿ ಅಬ್‌ಸ್ಕ್ಯೂರಾ ಎಂಬ ಬ್ಯಾಂಡೇ ಇದೆ. ಹೆಸರು ಗೋರ್ಗಟ್ಸ್ ಆಲ್ಬಮ್ಮಿನದು. ಆದರೆ ಆ ಬ್ಯಾಂಡಿನ 2009ರ ‘ಕಾಸ್ಮೊಜೆನೆಸಿಸ್’ ಆಲ್ಬಮ್ಮಿನಲ್ಲಿ ಡ್ರಮ್ಸ್ ಹಾನೆಸ್ ಗ್ರೋಸ್‌ಮನ್, ಗಿಟಾರ್ ಕ್ರಿಸ್ಟಿಯಾನ್ ಮ್ಯುಂಟ್ಸ್‌ನರ್. ಇಬ್ಬರೂ ‘ಎಪಿಟಾಫ್’ನಲ್ಲಿ ನುಡಿಸಿದವರು. ಹೆಸರು ಒಂದು ಮನೆಯದು, ಕೈಚಳಕ ಇನ್ನೊಂದು ಮನೆಯದು! ‘ಎಪಿಟಾಫ್’ ಆದ ಮೇಲೆ ನೆಕ್ರೊಫೇಜಿಸ್ಟ್ ಮತ್ತೊಂದು ಆಲ್ಬಮ್ ಕೊಡಲಿಲ್ಲ. ಅವರ ದಾರಿಯಲ್ಲಿ ಬಂದ ಎಷ್ಟೋ ಬ್ಯಾಂಡ್‌ಗಳು ವೇಗ ಕಲಿತವು, ರಾಗ ಕಲಿಯಲಿಲ್ಲ. ಸ್ಪಾನ್ ಆಫ್ ಪೊಸೆಷನ್ ಬ್ಯಾಂಡ್ ಅಂಥದ್ದಲ್ಲ. ಅವರ 2012ರ ‘ಇನ್‌ಕರ್ಸೊ’ ಕೇಳಿ, ಅಲ್ಲೂ ಮ್ಯುಂಟ್ಸ್‌ನರ್ ಇದ್ದಾರೆ.

ಗೋರ್ಗಟ್ಸ್ ಹಾದಿ ಹಿಡಿದವರನ್ನು ಕೇಳಿದರೆ ನಕಲು ಅನ್ನಿಸುವುದು ಕಡಿಮೆ. ನ್ಯೂಜಿಲೆಂಡಿನ ಅಲ್ಸರೇಟ್ ಬ್ಯಾಂಡಿನವರು ಅದೇ ಅಪಸ್ವರವನ್ನು ಇಟ್ಟುಕೊಂಡು ತಮ್ಮದೇ ಕತ್ತಲೆ ಕಟ್ಟಿದರು. ಅದಕ್ಕೇ ನನ್ನ ಮತ ‘ಅಬ್‌ಸ್ಕ್ಯೂರಾ’ಕ್ಕೆ. ಹೀಗೂ ಬರೆಯಬಹುದು ಎಂಬ ಧೈರ್ಯ ಕೊಟ್ಟದ್ದು ಅದು. ಆ ಧೈರ್ಯ ಬೆರಳಿನ ವೇಗಕ್ಕಿಂತ ಜಾಸ್ತಿ ದೂರ ಹೋಗಿದೆ.

ಗಿಟಾರ್ ಕಲಿಯುತ್ತಿದ್ದರೆ ಮಾತ್ರ ‘ಸ್ಟ್ಯಾಬ್‌ವೂಂಡ್’ ಮೊದಲು, ಅರ್ಧ ವೇಗದಲ್ಲಿ. ಬರೀ ಕೇಳುವುದಾದರೆ ‘ಅಬ್‌ಸ್ಕ್ಯೂರಾ’ವನ್ನು ಹೆಡ್‌ಫೋನಿನಲ್ಲಿ ಕೇಳಿ, ಎರಡು ಗಿಟಾರ್‌ಗಳನ್ನೂ ಬೇರೆ ಬೇರೆಯಾಗಿ ಹಿಂಬಾಲಿಸಿ. ತೀರಾ ಒರಟು ಅನ್ನಿಸಿದರೆ ಗೋರ್ಗಟ್ಸ್‌ನ 2013ರ ‘ಕಲರ್ಡ್ ಸ್ಯಾಂಡ್ಸ್’ ಮೊದಲು ಕೇಳಿ ಆಮೇಲೆ ಇಲ್ಲಿಗೆ ಬನ್ನಿ.