ಸಿಎಸ್‌ಆರ್ ಹೆಸರಿನ ಅಗ್ಗದ ಬ್ಲೂಟೂತ್ ಡಾಂಗಲ್ ತರಿಸುವ ಮೊದಲು ಇದನ್ನು ಓದಿ

ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರಿಗೋ ಲಿನಕ್ಸ್ ಲ್ಯಾಪ್‌ಟಾಪಿಗೋ ಹಾಕಲು "ಸಿಎಸ್‌ಆರ್ 8510" ಅಂತ ಬರೆದ ಪುಟ್ಟ ಯುಎಸ್‌ಬಿ ಡಾಂಗಲ್ ನೋಡ್ತಾ ಇದ್ದೀರಾ? ಸ್ವಲ್ಪ ತಡೆಯಿರಿ. ಅದರ ಡಬ್ಬದ ಮೇಲೆ ಬ್ಲೂಟೂತ್ 5.0 ಅಂತಲೂ ಇದ್ದರೆ ದುಡ್ಡು ಕೊಡಲೇಬೇಡಿ. 8510 ಚಿಪ್ಪು ಬ್ಲೂಟೂತ್ 4.0 ಕಾಲದ್ದು. ಅದನ್ನು ಮಾಡುತ್ತಿದ್ದ ಕೇಂಬ್ರಿಜ್ ಸಿಲಿಕಾನ್ ರೇಡಿಯೋ (ಅದೇ ಸಿಎಸ್‌ಆರ್) ಕಂಪನಿಯನ್ನು ಕ್ವಾಲ್‌ಕಾಮ್ 2015ರಲ್ಲೇ ಕೊಂಡುಕೊಂಡಿದೆ. ಈಗ ಅಗ್ಗಕ್ಕೆ ಸಿಗುವ ಮಾಲಿನಲ್ಲಿ ಆ ಹೆಸರು ಹಾಕಿಕೊಂಡ ನಕಲಿಗಳು ತುಂಬಾ ಇವೆ.

ಶಿರಸಿಯಲ್ಲಿ ನಾವು ಕೆಲವು ಗೆಳೆಯರು ಸೇರಿ ಒಂದು ಓಪನ್ ಸೋರ್ಸ್ ಆಡಿಯೋ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ಸಭಾಭವನದಲ್ಲಿ ತಾಳಮದ್ದಳೆಯೋ ಭಜನೆಯೋ ನಡೀತಿದ್ದರೆ, ಅದು ಊಟದ ಮನೆಗೂ ಅಡುಗೆಯವರಿಗೂ ವಯರ್ ಇಲ್ಲದೆ ಕೇಳಬೇಕು, ಅಷ್ಟೇ ಅದರ ಕೆಲಸ. ಮಿಕ್ಸರ್‌ನಿಂದ ಒಂದು ಪೈಗೆ, ಅಲ್ಲಿಂದ ವೈಫೈ ಮೇಲೆ ಧ್ವನಿ ಕಳಿಸುವ ಸ್ನ್ಯಾಪ್‌ಕಾಸ್ಟ್ ಮೂಲಕ ಇನ್ನೊಂದು ಪೈಗೆ, ಆ ಪೈನಲ್ಲಿ ಪೈಪ್‌ವೈರ್ (ಲಿನಕ್ಸ್‌ನ ಧ್ವನಿ ನೋಡಿಕೊಳ್ಳುವ ಸಾಫ್ಟ್‌ವೇರ್) ಮತ್ತು ಬ್ಲೂಝೀ (ಅದರ ಬ್ಲೂಟೂತ್ ಸಾಫ್ಟ್‌ವೇರ್) ಮೂಲಕ ಯಾರದೋ ಮನೆಯ ಬ್ಲೂಟೂತ್ ಸ್ಪೀಕರಿಗೆ. ಸ್ನ್ಯಾಪ್‌ಕಾಸ್ಟ್ ಸುಮ್ನೆ ಬಿಟ್ಟರೆ 1 ಸೆಕೆಂಡ್ ಬಫರ್ ಇಟ್ಟುಕೊಳ್ಳುತ್ತದೆ, ಅಂದರೆ ಧ್ವನಿ ಅಷ್ಟು ತಡವಾಗಿ ಬರುತ್ತದೆ. ಹಾಗಾಗಿ ಭಾಗವತರು ಕೂತ ಹಾಲ್‌ನಲ್ಲಿ ಇದನ್ನು ಹಾಕಬಾರದು, ಮದ್ದಳೆಯ ಪೆಟ್ಟು ಎರಡೆರಡು ಸಲ ಕೇಳ್ತದೆ. ದೂರದ ಕೋಣೆಗೆ ಏನೂ ತೊಂದರೆ ಇಲ್ಲ.

ಪೈನಲ್ಲೇ ಬ್ಲೂಟೂತ್ ಇದೆಯಲ್ಲ, ಡಾಂಗಲ್ ಯಾಕೆ ಅಂತ ಕೇಳ್ತಾರೆ. ಪೈನ ವೈಫೈ, ಬ್ಲೂಟೂತ್ ಎರಡೂ ಒಂದೇ ಚಿಪ್ಪಿನಲ್ಲಿವೆ. ಎರಡೂ 2.4 ಗಿಗಾಹರ್ಟ್ಸ್‌ನಲ್ಲಿ ಒಟ್ಟಿಗೆ ಓಡಿದರೆ ಧ್ವನಿ ಕಡಿದು ಕಡಿದು ಬರುತ್ತದೆ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಹಾಕೋಣ ಅಂದರೆ ನಮ್ಮ ಕಡೆಯ ದಪ್ಪ ಚಿರೇಕಲ್ಲಿನ ಗೋಡೆಗಳನ್ನು ಅದು ದಾಟುವುದು ಕಷ್ಟ. ಅದಕ್ಕೇ ಬ್ಲೂಟೂತ್‌ಗೆ ಬೇರೆ ಡಾಂಗಲ್ ಇಟ್ಟೆವು.

ಹುಬ್ಬಳ್ಳಿಯ ಒಬ್ಬ ವ್ಯಾಪಾರಿಯಿಂದ ಮೊದಲು ಒಂದು ಸ್ಯಾಂಪಲ್ ತರಿಸಿದೆವು. ಅದು ಅಸಲಿ, ಚೆನ್ನಾಗಿಯೇ ಓಡಿತು. ಆಮೇಲೆ ಒಟ್ಟಿಗೆ ತರಿಸಿ ಕುಮಟಾ, ಹೊನ್ನಾವರ, ಸಿದ್ದಾಪುರದ ಕಡೆ ಬೇಕಾದವರಿಗೆ ಕೊಟ್ಟೆವು. ಡಬ್ಬ ಅದೇ, ಬಣ್ಣ ಅದೇ, ಹೆಸರೂ ಅದೇ. ಒಳಗಿನ ಚಿಪ್ಪು ಮಾತ್ರ ಬೇರೆ.

ದೂರುಗಳು ಶುರುವಾದದ್ದು ಮಳೆಗಾಲದಲ್ಲಿ. ಕರೆಂಟ್ ಹೋಗಿ ಬಂದರೆ ಪೈ ಏಳುತ್ತದೆ, ಡಾಂಗಲ್ ಏಳುವುದಿಲ್ಲ. ಇಲ್ಲಾ ಸ್ವಲ್ಪ ಹೊತ್ತು ಸುಮ್ಮನಿದ್ದು ಮಲಗಿಬಿಟ್ಟರೆ ಮತ್ತೆ ಎಚ್ಚರವೇ ಆಗುವುದಿಲ್ಲ. ಒಂದು ಕಡೆ ಕೃಷ್ಣಸಂಧಾನ ನಡೀತಿತ್ತು, ಕೌರವ ಮಾತಿಗೆ ಏರುವ ಹೊತ್ತಿಗೆ ಊಟದ ಮನೆಯಲ್ಲಿ ಧ್ವನಿ ನಿಂತೇ ಹೋಯಿತು. ಬಡಿಸುತ್ತಿದ್ದವರೆಲ್ಲ ಬಕೆಟ್ ಹಿಡಿದುಕೊಂಡೇ ಸ್ಪೀಕರ್ ಕಡೆ ನೋಡಿದರು. ಅಲ್ಲಿನ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು "ತಮಾ, ಇದೆಲ್ಲ ಬ್ಯಾಡ, ಹಳೇ ವಯರನ್ನೇ ಎಳೆದು ಬಿಡು" ಅಂದರು. ಅವರ ಮೇಲೆ ನನಗೆ ಬೇಜಾರಿಲ್ಲ. ಸಿಟ್ಟು ಇರುವುದು ಮಾರಿದವನ ಮೇಲೆ.

ಕೊನೆಗೆ ಡಿಮೆಸ್‌ಜಿ (dmesg, ಲಿನಕ್ಸ್‌ನ ಒಳಗಿನ ಸಂದೇಶಗಳನ್ನು ತೋರಿಸುವ ಕಮಾಂಡ್) ತೆಗೆದು ನೋಡಿದರೆ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಬರೆದಿಟ್ಟಿತ್ತು, ಇದು ಸಿಎಸ್‌ಆರ್‌ನ ನಕಲು ಅಂತ. ಯುಎಸ್‌ಬಿ ಬ್ಲೂಟೂತ್ ಡಾಂಗಲ್‌ಗಳನ್ನು ಓಡಿಸುವ ಲಿನಕ್ಸ್‌ನ ಬಿಟಿಯುಎಸ್‌ಬಿ ಡ್ರೈವರ್‌ನಲ್ಲಿ ಈ ನಕಲಿಗಳಿಗಾಗಿಯೇ ಬರೆದ ಕೋಡ್ ಇದೆ. ಎಷ್ಟು ಜನಕ್ಕೆ ಈ ಕಾಟ ಆಗಿರಬೇಕು ಯೋಚಿಸಿ! ನಕಲಿ ಚಿಪ್ಪು ತನಗೆ ಇಂತಿಂಥ ಕಮಾಂಡ್ ಗೊತ್ತು ಅಂತ ಹೇಳಿಕೊಳ್ಳುತ್ತದೆ, ಕಳಿಸಿದರೆ ಉತ್ತರವೇ ಕೊಡುವುದಿಲ್ಲ. ಅಂಥ ಕಮಾಂಡ್‌ಗಳನ್ನು ಕಳಿಸದೇ ಇರುವುದು, ಡಾಂಗಲ್ ಮಲಗದಂತೆ ನೋಡಿಕೊಳ್ಳುವುದು, ಹೀಗೆ ಏನೇನೋ ಮಾಡಿ ಕರ್ನಲ್ ಅದನ್ನು ಓಡಿಸಲು ನೋಡುತ್ತದೆ. ಕೆಲವು ನಕಲಿಗಳು ಇದರಿಂದ ಸರಿಯಾಗುತ್ತವೆ. ನಮಗೆ ಬಂದವು ಆಗಲಿಲ್ಲ.

ವ್ಯಾಪಾರಿಗೆ ಫೋನ್ ಮಾಡಿದರೆ, "ವಿಂಡೋಸ್‌ನ್ಯಾಗ ಛಲೋ ನಡೀತೈತ್ರಿ ಸರ್, ಪ್ರಾಬ್ಲಮ್ ನಿಮ್ಮ ಸಾಫ್ಟ್‌ವೇರ್‌ದಾಗ ಐತಿ" ಅಂದ. ಸ್ಯಾಂಪಲ್ಲಿಗೂ ಮಾಲಿಗೂ ಇರುವ ವ್ಯತ್ಯಾಸದ ಫೋಟೋ ಕಳಿಸಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಬಿಲ್ಲಿನಲ್ಲಿ ಬರೀ "ಬ್ಲೂಟೂತ್ ಡಾಂಗಲ್" ಅಂತ ಇತ್ತು, ಚಿಪ್ಪಿನ ಹೆಸರಿರಲಿಲ್ಲ. ವಾಪಸ್ ಕೇಳಲು ಕೈಯಲ್ಲಿ ಏನೂ ಇಲ್ಲದ ಹಾಗಾಯಿತು. ದುಡ್ಡಿಗಿಂತ ಜಾಸ್ತಿ ಹೋದದ್ದು ಹುಡುಗರ ಉತ್ಸಾಹ. ನಮ್ಮ ಜೊತೆ ರಾತ್ರಿ ಕೂತು ಸಾಫ್ಟ್‌ವೇರ್ ಪ್ಯಾಕೇಜ್ ಮಾಡುತ್ತಿದ್ದ ಒಬ್ಬ ಒಳ್ಳೆಯ ಹುಡುಗ, ಇಲ್ಲದ ಬಗ್‌ಗಾಗಿ ಬೈಸಿಕೊಂಡು ಬೈಸಿಕೊಂಡು ಸಾಕಾಗಿ ಬಿಟ್ಟು ಹೋದ. ಸಂಬಳ ಇಲ್ಲದ ಕೆಲಸಕ್ಕೆ ಅಂಥವನು ಮತ್ತೆ ಎಲ್ಲಿ ಸಿಗುತ್ತಾನೆ?

ಈಗಾಗಲೇ ತಗೊಂಡಿದ್ದರೆ ವಾಪಸ್ ಮಾಡುವ ಗಡುವು ಮುಗಿಯುವುದರೊಳಗೆ ಪರೀಕ್ಷೆ ಮಾಡಿ. ಚುಚ್ಚಿದ ಯುಎಸ್‌ಬಿ ಸಾಧನಗಳನ್ನು ತೋರಿಸುವ ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್ ಕೊಟ್ಟಾಗ 0ಎ12:0001 (0a12:0001) ಅಂತ ಬಂದರೆ ಖುಷಿಪಡಬೇಡಿ, ನಕಲಿಯೂ ಅದೇ ನಂಬರ್ ತೋರಿಸುತ್ತದೆ. ಬ್ಲೂಟೂತ್ ವಿವರ ತೋರಿಸುವ ಎಚ್‌ಸಿಐಕಾನ್ಫಿಗ್ ಕಮಾಂಡ್‌ಗೆ ಮೈನಸ್ ಎ ಹಾಕಿ (hciconfig -a) ತಯಾರಕರ ಸಾಲು ನೋಡಿ. ಅಲ್ಲಿ ಸಿಎಸ್‌ಆರ್‌ನ ನಂಬರ್ ಆದ 10 ಇಲ್ಲದಿದ್ದರೆ ಖಂಡಿತ ನಕಲಿ. 10 ಇದ್ದರೂ ಡಿಮೆಸ್‌ಜಿಯಲ್ಲಿ "ಕ್ಲೋನ್" (clone, ನಕಲು) ಅನ್ನುವ ಪದ ಹುಡುಕಿ, ಯಾಕೆಂದರೆ ಕೆಲವು ನಕಲಿಗಳು ಆ ನಂಬರನ್ನೂ ಕದ್ದಿರುತ್ತವೆ. ಆಮೇಲೆ ಪೈನ ಕರೆಂಟ್ ಪ್ಲಗ್ ಕಿತ್ತು, ಮತ್ತೆ ಹಾಕಿ, ಡಾಂಗಲ್ ತಾನಾಗಿ ಬರುತ್ತದಾ ನೋಡಿ. ಒಂದೇ ಸಲ ಬಂತು ಅಂತ ಬಿಡಬೇಡಿ. ಅಸಲಿಯೇ ಆಗಿದ್ದರೂ ಅದನ್ನು ನೀಲಿ ಯುಎಸ್‌ಬಿ 3 ಪೋರ್ಟಿಗೆ ಚುಚ್ಚಬೇಡಿ, ಆ ಪೋರ್ಟಿನ ಗದ್ದಲ ಸರಿಯಾಗಿ 2.4 ಗಿಗಾಹರ್ಟ್ಸ್ ಮೇಲೇ ಬೀಳುತ್ತದೆ. ಗಿಡ್ಡ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ದೂರ ಇಡಿ.

ಒಟ್ಟಿಗೆ ತರಿಸುವವರು ಬಿಲ್ಲಿನಲ್ಲಿ ಚಿಪ್ಪಿನ ಹೆಸರು ಬರೆಸಿಕೊಳ್ಳಿ. ಬರೆದು ಕೊಡುವುದಿಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಇನ್ನು ನಮ್ಮದೇ ಆಗಲಿ, ಬೇರೆಯವರದೇ ಆಗಲಿ, ಆಡಿಯೋ ಸಾಫ್ಟ್‌ವೇರ್ ಕೆಟ್ಟಿದೆ ಅಂತ ದೂರು ಹಾಕುವಾಗ ಡಿಮೆಸ್‌ಜಿಯಲ್ಲಿ ಬ್ಲೂಟೂತ್ ಅಂತ ಇರುವ ಸಾಲುಗಳನ್ನು ದಯವಿಟ್ಟು ಜೊತೆಗೇ ಹಾಕಿ.