ಮೂರು ಕುದುರೆ, 14 ತಿಂಗಳು, ಒಂದು ಉದ್ದ ಹಿಡಿಯ ಮೊರ

ಬೇಜಾರಾದ ವಿಷಯ ಮೊದಲು ಹೇಳಿಬಿಡುತ್ತೇನೆ. ಕುದುರೆ ಲದ್ದಿ ಎತ್ತಲು ತರಿಸಿದ ತಗಡಿನ ಮೊರದ ಹಿಡಿ ಐದನೇ ತಿಂಗಳಿಗೇ ಕೈಕೊಟ್ಟಿತು.

ಅಕ್ಟೋಬರ್ ಮಳೆ ಹಿಡಿದಿತ್ತು. ಬೆಳಗ್ಗೆ ಆರೂವರೆ. ಮೊರದ ತುಂಬ ನೆನೆದ ಲದ್ದಿ. ಎತ್ತಿದ ತಕ್ಷಣ, ಹಿಡಿ ಮೊರಕ್ಕೆ ಸೇರುವ ಜಾಗದಲ್ಲಿ ಅಲ್ಯೂಮಿನಿಯಂ ಕೊಳವೆ ಮಡಚಿಕೊಂಡಿತು. ಮೊರ, ಅದಕ್ಕೆ ಲದ್ದಿ ಎಳೆದುಕೊಳ್ಳುವ ಹಲ್ಲಿನ ರೇಕು, ಎರಡೂ ಸೇರಿ 2,400 ರೂಪಾಯಿ ಕೊಟ್ಟು ತರಿಸಿದ್ದೆ. ಮಾರಿದವರಿಗೆ ಫೋಟೋ ಕಳಿಸಿದರೆ, ಬಿಡಿ ಹಿಡಿ ಬರುವುದಿಲ್ಲ, ಹೊಸ ಸೆಟ್ಟೇ ತಗೊಳ್ಳಿ ಅಂದರು. ಕುದುರೆ ಲದ್ದಿ ಎತ್ತಲೆಂದೇ ಮಾಡಿದ ಸಾಮಾನು ಅದು. ಒದ್ದೆ ಲದ್ದಿಯ ಭಾರ ಎಷ್ಟು ಅಂತ ಮಾಡಿದವರಿಗೆ ಗೊತ್ತಿರಬೇಕಲ್ವಾ? ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನಮ್ಮದು ಹೊಸೂರಿನಿಂದ ದೆಂಕಣಿಕೋಟೆಗೆ ಹೋಗುವ ದಾರಿಯಲ್ಲಿ, ಮತ್ತಿಗಿರಿ ದಾಟಿದ ಮೇಲೆ. ಮತ್ತಿಗಿರಿಯ ಸರ್ಕಾರಿ ಜಾನುವಾರು ಫಾರಂ 1824ರಲ್ಲಿ ಸೈನ್ಯದ ಕುದುರೆಗಳಿಗಾಗಿ ಶುರುವಾದದ್ದು. ಹಾಗಾಗಿ ಕುದುರೆ ಈ ಕಡೆಗೆ ಹೊಸದೇನಲ್ಲ. ನಮ್ಮಲ್ಲಿ ಬೆಳ್ಳಿ, ಚೆಲುವಿ ಅಂತ ಎರಡು ಹೆಣ್ಣು, ರಾಜ ಅಂತ ಒಂದು ಮುದಿ ಗಂಡು. ಮೇಯಲು ಬೇಲಿ ಹಾಕಿದ ಎರಡು ಎಕರೆ ಬಯಲು. ಬೆಳೆದ ಕುದುರೆ ದಿನಕ್ಕೆ ಸುಮಾರು 20 ಕಿಲೋ ಲದ್ದಿ ಹಾಕುತ್ತದೆ. ಎತ್ತದೆ ಬಿಟ್ಟರೆ ಅದರಲ್ಲಿರುವ ಜಂತುಮೊಟ್ಟೆ ಒಡೆದು, ಮರಿಹುಳು ಹುಲ್ಲಿಗೆ ಹತ್ತಿ, ಮತ್ತೆ ಕುದುರೆಯ ಹೊಟ್ಟೆಗೇ ಹೋಗುತ್ತದೆ. ಲದ್ದಿ ಬಿದ್ದ ಕಡೆ ಕುದುರೆ ಮೇಯುವುದೂ ಇಲ್ಲ. ಎಷ್ಟೋ ಜಾಗ ಸುಮ್ನೆ ಹಾಳು. ಜಂತುಹುಳದ ಲೆಕ್ಕಕ್ಕೆ ವಾರಕ್ಕೆ ಎರಡು ಸಲ ಎತ್ತಿದರೂ ನಡೆಯುತ್ತದೆ. ನೊಣದ ಕಾಟಕ್ಕೆ ನಾವು ದಿನಾ ಎತ್ತುತ್ತೇವೆ.

ಮುಂಚೆ ಏನೇನು ನೋಡಿದ್ದೆ ಅಂದರೆ, ಸಲಿಕೆ ಲದ್ದಿಯ ಜೊತೆ ಮಣ್ಣನ್ನೂ ಹೊತ್ತು ತರುತ್ತದೆ. ಹುಲ್ಲು ಎತ್ತುವ ಕಬ್ಬಿಣದ ಫೋರ್ಕಿನ ಸಂದು ದೊಡ್ಡದು, ಉಂಡೆ ಉದುರುತ್ತದೆ. ಒತ್ತೊತ್ತಾಗಿ ಹಲ್ಲಿರುವ ಪ್ಲಾಸ್ಟಿಕ್ ಫೋರ್ಕ್ ಲಾಯದ ಒಳಗೆ ಚಿನ್ನ. ಮರದ ಪುಡಿ ಹಾಸಿದ ಕಡೆ ಒಂದು ಸಲ ಅಲ್ಲಾಡಿಸಿದರೆ ಪುಡಿಯೆಲ್ಲ ಕೆಳಗೆ, ಉಂಡೆ ಮೇಲೆ. ಆದರೆ ಬಯಲಿನಲ್ಲಿ ಗರಿಕೆ ಬೇರಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಬೇಸಿಗೆ ಬಿಸಿಲಿಗೇ ನನ್ನದರ ಎರಡು ಹಲ್ಲು ಪಟ್ಟಂತ ಮುರಿದವು. ನಮ್ಮ ಮಾವ ಮಾತ್ರ ಇಷ್ಟು ವರ್ಷವೂ ಮಂಕರಿ, ಬರಿಗೈ. ಮೊರ ಬಂದ ದಿನ, "ಲದ್ದಿ ಎತ್ತಕ್ಕೆ ಇಷ್ಟು ದುಡ್ಡು ಬೇಕಾ ಅಮ್ಮಾ?" ಅಂದಿದ್ದರು.

ಈ ಮೊರದಲ್ಲಿ ಬಗ್ಗಬೇಕಾಗಿಲ್ಲ. ಎಡಗೈಯಲ್ಲಿ ಮೊರ, ಬಲಗೈಯಲ್ಲಿ ರೇಕು. ರೇಕಿನ ಗಿಡ್ಡ ಹಲ್ಲು ಹುಲ್ಲನ್ನು ಕೀಳದೆ ಉಂಡೆ ಮಾತ್ರ ಎಳೆಯುತ್ತದೆ. ನಾನು ಬೇಲಿಯ ಹುಣಸೆಮರದಿಂದ ಶುರು ಮಾಡಿ ನೀರಿನ ತೊಟ್ಟಿಯ ಕಡೆಗೆ ಬರುತ್ತೇನೆ. ಹಿಂದಿನಿಂದ ಬೆಳ್ಳಿ ಬಂದು ಮೊರವನ್ನು ಮೂಸುತ್ತಾಳೆ. ತಳ್ಳುಗಾಡಿ ಎರಡು ಸಲ ತುಂಬುವ ಹೊತ್ತಿಗೆ ಬಿಸಿಲು ಬಂದಿರುತ್ತದೆ. ಸಲಿಕೆಗಿಂತ ನಿಧಾನ, ನಿಜ. ಆ ನಿಧಾನವೇ ನನಗೆ ದೊಡ್ಡ ಉಪಕಾರ ಮಾಡಿತು.

ಒಂದೊಂದು ಗುಡ್ಡೆಯನ್ನೂ ಕಣ್ಣ ಮುಂದೆಯೇ ಎಳೆದುಕೊಳ್ಳಬೇಕಲ್ಲ, ಹಾಗಾಗಿ ಯಾವುದು ಯಾರ ಲದ್ದಿ ಅಂತ ಎರಡೇ ತಿಂಗಳಲ್ಲಿ ಗೊತ್ತಾಯಿತು. ಡಿಸೆಂಬರ್ ಚಳಿಯಲ್ಲಿ ಚೆಲುವಿಯ ಉಂಡೆ ಸಣ್ಣಗೆ, ಗಟ್ಟಿಯಾಗಿ, ಒಣಗಿದ ಹಾಗೆ ಕಾಣಿಸಿತು. ತೊಟ್ಟಿ ನೋಡಿದರೆ ನೀರು ಅಷ್ಟೂ ಹಾಗೇ ಇದೆ. ತಣ್ಣೀರು ಅಂತ ಕುಡಿಯುತ್ತಿರಲಿಲ್ಲ. ಉಗುರುಬೆಚ್ಚಗಿನ ನೀರು ಇಟ್ಟ ಮೇಲೆ ಸರಿಹೋಯಿತು. ಬಿಟ್ಟಿದ್ದರೆ ಹೊಟ್ಟೆನೋವಿಗೆ ತಿರುಗಬಹುದಿತ್ತು.

ಫೆಬ್ರವರಿಯಲ್ಲಿ ಮುದುಕ ರಾಜನ ಲದ್ದಿಯಲ್ಲಿ ಹುರುಳಿ ಕಾಳು ಇಡಿಯಾಗಿ ಬರುತ್ತಿತ್ತು. ಜೊತೆಗೆ ಉದ್ದುದ್ದ ಹುಲ್ಲಿನ ಎಳೆ. ಮೈ ಇನ್ನೂ ಇಳಿದಿರಲಿಲ್ಲ, ಬಕೆಟ್ಟೂ ಖಾಲಿ ಮಾಡುತ್ತಿದ್ದ. ಮಾವನಿಗೆ ತೋರಿಸಿದೆ. ಅವರು ಒಂದು ಉಂಡೆ ಬಿಡಿಸಿ ನೋಡಿ, "ಹಲ್ಲು" ಅಂದರು, ಅಷ್ಟೆ. ಡಾಕ್ಟರ್ ಬಾಯಿ ತೆರೆಸಿ ನೋಡಿದರೆ ದವಡೆ ಹಲ್ಲಿನ ಅಂಚು ಚೂಪಾಗಿ ಬೆಳೆದು ಕೆನ್ನೆಯ ಒಳಗೆ ಗಾಯ. ಕುದುರೆಗೆ ಹಲ್ಲು ವರ್ಷಗಟ್ಟಲೆ ಮೇಲೆ ಬರುತ್ತಲೇ ಇರುತ್ತದೆ, ಸವೆತ ಒಂದೇ ಸಮ ಇಲ್ಲದಿದ್ದರೆ ಹೀಗಾಗುತ್ತದೆ. ಅರ ಹಾಕಿ ಉಜ್ಜಿದರು. ಹತ್ತು ದಿನಕ್ಕೆ ಲದ್ದಿಯಲ್ಲಿ ಇಡೀ ಕಾಳು ಕಾಣಿಸುವುದು ನಿಂತಿತು. ಅವತ್ತು ತೊಟ್ಟಿಯ ಹತ್ತಿರ ನಿಂತು ನನಗೆ ಅಳು ಬಂತು. ಸಲಿಕೆಯಲ್ಲಿ ಬಾಚಿ ಗಾಡಿಗೆ ಎಸೆಯುತ್ತಿದ್ದಾಗ ಇದೊಂದೂ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಹಿಡಿಯ ಕತೆ ಮುಗಿಸುತ್ತೇನೆ. ಮಾವ ಮುರಿದ ಕೊಳವೆಯನ್ನು ಕತ್ತರಿಸಿ, ಗಟ್ಟಿ ಬಿದಿರು ತೂರಿಸಿ, ಅಡ್ಡ ಎರಡು ಬೋಲ್ಟ್ ಹಾಕಿಕೊಟ್ಟರು. ಒಂಬತ್ತು ತಿಂಗಳಾಯಿತು, ಅಲ್ಲಾಡಿಲ್ಲ. ಮೊರದ ತಗಡಿನ ಅಂಚು ಸ್ವಲ್ಪ ಸವೆದಿದೆ, ರೇಕಿನ ಹಲ್ಲು ಅಷ್ಟೂ ಇವೆ. ಈಗ ಮಾವ ಮಂಕರಿಯನ್ನು ತಿಪ್ಪೆಗೆ ಸುರಿಯಲು ಮಾತ್ರ ಇಟ್ಟುಕೊಂಡಿದ್ದಾರೆ. ತಿಪ್ಪೆಯನ್ನು ಆಗಾಗ ತಿರುವಿಹಾಕುತ್ತೇವೆ. ಒಳಗೆ 55-60 ಡಿಗ್ರಿ ಬಿಸಿ ಏರಿದರೆ ಜಂತುಮೊಟ್ಟೆ ಸಾಯುತ್ತದೆ. ಕಳಿತ ಗೊಬ್ಬರವನ್ನು ಗುಲಾಬಿ ಬೆಳೆಯುವವರು ಬಂದು ಒಯ್ಯುತ್ತಾರೆ.

ಹತ್ತು ಹನ್ನೆರಡು ಕುದುರೆ ಇರುವವರಿಗೆ ಇದು ಆಗುವುದಿಲ್ಲ, ಹೊತ್ತು ಜಾಸ್ತಿ ಬೇಕು. ಎರಡು ಮೂರು ಇದ್ದರೆ ಧಾರಾಳವಾಗಿ ತಗೊಳ್ಳಿ. ತಗೊಳ್ಳುವಾಗ ಹಿಡಿ ಮೊರಕ್ಕೆ ಸೇರುವ ಜಾಗ ನೋಡಿ. ಒಂದೇ ಬೋಲ್ಟ್ ಇದ್ದರೆ ಮಳೆಗಾಲಕ್ಕೆ ಮುಂಚೆಯೇ ಬಿದಿರಿನ ಹಿಡಿ ಹಾಕಿಸಿಬಿಡಿ.