1796ರ ಕ್ಯಾವಲ್ರಿ ಆಫೀಸರ್ ಕತ್ತಿ: ಕತ್ತಿಗೆ ಫುಲ್ ಮಾರ್ಕ್ಸ್, ಮಾರಿದವನ ಕಥೆಗೆ ಸೊನ್ನೆ

ಬ್ರಿಟಿಷ್ 1796 ಪ್ಯಾಟರ್ನ್ ಲೈಟ್ ಕ್ಯಾವಲ್ರಿ ಸೇಬರ್, ಅಂದ್ರೆ ಹಗುರ ಕುದುರೆ ಸವಾರರ ದಳಕ್ಕೆ ಅಂತ 1796ರಲ್ಲಿ ಸೈನ್ಯ ಗೊತ್ತುಮಾಡಿದ ಮಾದರಿಯ ಬಾಗಿದ ಕತ್ತಿ, ಅದ್ರಲ್ಲೂ ಆಫೀಸರ್ ಕತ್ತಿ, ಕೊನೆಗೂ ಕೈಗೆ ಬಂತು. ನಾನಿರೋದು ಇಂಗ್ಲೆಂಡಲ್ಲಿ, ಇಲ್ಲೇ ಒಬ್ಬ ಆಂಟಿಕ್ ಡೀಲರ್ ಹತ್ರ ತಗೊಂಡೆ, ಸಾವಿರ ಪೌಂಡಿಗೆ ಸ್ವಲ್ಪ ಕಮ್ಮಿ ಆಯ್ತು. ಡೀಲರ್ ಹೆಸರು ಹೇಳಲ್ಲ, ಯಾಕೆ ಅಂತ ಮುಂದೆ ಓದಿದ್ರೆ ಗೊತ್ತಾಗುತ್ತೆ.

ಅಲಗು ಸುಮಾರು 33 ಇಂಚು, ಚೆನ್ನಾಗಿ ಬಾಗಿದೆ, ಎರಡೂ ಪಕ್ಕದಲ್ಲಿ ಉದ್ದಕ್ಕೂ ಅಗಲವಾಗಿ ತಗ್ಗು ತೋಡಿದಾರೆ, ಗಟ್ಟಿತನ ಕಳ್ಕೊಳ್ಳದೆ ತೂಕ ಇಳಿಸೋಕೆ. ಆದ್ರೆ ಮಜಾ ಇರೋದು ಮೊನೆ ಹತ್ರ. ಮಾಮೂಲಿ ಕತ್ತಿ ತುದಿಗೆ ಹೋಗ್ತಾ ಹೋಗ್ತಾ ಸಣ್ಣಗಾಗುತ್ತೆ, ಇದು ಉಲ್ಟಾ, ತುದಿಲಿ ಅಗಲ ಆಗುತ್ತೆ, ನಮ್ಮೂರ ಮಚ್ಚಿನ ಥರ. ಹಿಡಿ ಹತ್ರ ದಪ್ಪ ಇರೋ ಬೆನ್ನು ತುದಿಗೆ ಬರೋ ಹೊತ್ತಿಗೆ ಎಷ್ಟು ತೆಳು ಆಗಿರುತ್ತೆ ಅಂದ್ರೆ ಬೆರಳಿಟ್ಟು ನೋಡಿದ್ರೇನೇ ನಂಬಿಕೆ ಬರೋದು. ಒಟ್ಟು ತೂಕ ಒಂದು ಕೇಜಿ ಒಳಗೇ ಇದ್ರೂ ಎತ್ತಿದ ತಕ್ಷಣ ಕೈಯನ್ನ ಮುಂದಕ್ಕೆ ಎಳೆಯುತ್ತೆ. ಇದನ್ನ ಮಾಡಿರೋದೇ ಕುದುರೆ ಮೇಲಿಂದ ಬೀಸಿ ಕಡಿಯೋಕೆ, ಚುಚ್ಚೋಕೆ ಅಷ್ಟಕ್ಕಷ್ಟೆ.

ಇದ್ರ ಹಿಂದಿರೋ ತಲೆ ಜಾನ್ ಗಾಸ್ಪರ್ಡ್ ಲೆ ಮಾರ್ಶಂಟ್ ಅನ್ನೋ ಆಫೀಸರ್‌ದು. 1793-94ರಲ್ಲಿ ಫ್ಲಾಂಡರ್ಸಲ್ಲಿ (ಇವತ್ತಿನ ಬೆಲ್ಜಿಯಂ ಕಡೆ) ಫ್ರೆಂಚರ ವಿರುದ್ಧ ಯುದ್ಧಕ್ಕೆ ಹೋದಾಗ ತಮ್ಮದೇ ಸವಾರರು ಕತ್ತಿ ಬೀಸೋ ರೀತಿ ನೋಡಿ ಇವನಿಗೆ ತಲೆ ಕೆಟ್ಟೋಯ್ತು. ಕತ್ತಿಗಳು ಭಾರ, ಟ್ರೇನಿಂಗ್ ಇಲ್ಲ, ಶತ್ರುಗೆ ಬೀಸೋಕೆ ಹೋಗಿ ತಮ್ಮ ಕುದುರೆಗೆ, ತಮಗೇ ಗಾಯ ಮಾಡ್ಕೋತಿದ್ರು. ಇವರು ಕತ್ತಿ ಬೀಸಿದ್ರೆ ಸೌದೆ ಒಡೆದಂಗಿರುತ್ತೆ ಅಂತ ಒಬ್ಬ ಆಸ್ಟ್ರಿಯನ್ ಆಫೀಸರ್ ಗೇಲಿ ಬೇರೆ ಮಾಡಿದ್ನಂತೆ. ವಾಪಸ್ ಬಂದು ಬರ್ಮಿಂಗ್ಹ್ಯಾಮ್‌ನ ಕತ್ತಿ ತಯಾರಕ ಹೆನ್ರಿ ಆಸ್ಬಾರ್ನ್ ಜೊತೆ ಕೂತು ಈ ಡಿಸೈನ್ ಮಾಡಿದ. ಅಷ್ಟಕ್ಕೇ ಬಿಡಲಿಲ್ಲ, ಹೆಂಗೆ ಬೀಸಬೇಕು ಅನ್ನೋ ಕವಾಯತಿನ ಪುಸ್ತಕಾನೂ ಬರೆದ, ಸೈನ್ಯ ಅದನ್ನ 1796ರಲ್ಲೇ ಅಧಿಕೃತ ಮಾಡ್ತು. ಮುಂದೆ ಆಫೀಸರ್‌ಗಳಿಗೆ ಪಾಠ ಕಲಿಸೋ ಮಿಲಿಟರಿ ಕಾಲೇಜು ಶುರು ಮಾಡಿದ್ದೂ ಇವನೇ, ಬ್ರಿಟಿಷ್ ಸೈನ್ಯದ ಆಫೀಸರ್‌ಗಳನ್ನ ತಯಾರು ಮಾಡೋ ಇವತ್ತಿನ ಸ್ಯಾಂಡ್‌ಹರ್ಸ್ಟ್ ಅಕಾಡೆಮಿ ಬೆಳೆದಿದ್ದು ಅದ್ರಿಂದಾನೇ. ವಿಧಿ ನೋಡಿ, ಲೈಟ್ ಕ್ಯಾವಲ್ರಿ ಕತ್ತಿ ಮಾಡಿದ ಮನುಷ್ಯ 1812 ಜುಲೈ 22ಕ್ಕೆ ಸ್ಪೇನಿನ ಸಲಮಾಂಕದಲ್ಲಿ ಸತ್ತಿದ್ದು ಹೆವಿ ಕ್ಯಾವಲ್ರಿ ಬ್ರಿಗೇಡ್ ಮುಂದೆ ನಿಂತು ನುಗ್ಗಿಸ್ತಾ, ಗುಂಡೇಟಿಗೆ. ಹೆವಿ ಕ್ಯಾವಲ್ರಿ ಅಂದ್ರೆ ದೊಡ್ಡ ಕುದುರೆಗಳ ಭಾರೀ ದಳ, ಅವರದು ಬೇರೆ ಕತ್ತಿ, ನೆಟ್ಟಗಿರೋದು, ಆಸ್ಟ್ರಿಯನ್ ಮಾದರಿ ನೋಡಿ ಮಾಡಿದ್ದು.

ಸರಿ, ಆಫೀಸರ್ ಕತ್ತಿ ಅಂದ್ರೆ ಏನು ಸ್ಪೆಷಲ್ ಅಂತೀರಾ. ಸಾಮಾನ್ಯ ಸವಾರಂಗೆ ಸೈನ್ಯದವರೇ ಕತ್ತಿ ಕೊಡ್ತಿದ್ರು, ಆಫೀಸರ್ ಮಾತ್ರ ತನ್ನ ದುಡ್ಡಲ್ಲಿ ತನಗೆ ಬೇಕಾದಂಗೆ ಮಾಡಿಸ್ಕೋಬೇಕಿತ್ತು, ಹಂಗಾಗಿ ಒಂದಿದ್ದಂಗೆ ಇನ್ನೊಂದಿರಲ್ಲ. ನನ್ನದ್ರಲ್ಲಿ ಹಿಡಿ ಮೇಲೆ ಮೀನಿನ ಚರ್ಮ, ಅದ್ರ ಮೇಲೆ ತಂತಿ ಸುತ್ತು, ಬೆರಳಿಗೆ ಅಡ್ಡ ಕುದುರೆ ರಿಕಾಪಿನ ಆಕಾರದ ಒಂದೇ ಪಟ್ಟಿ. ಅಲಗಿನ ಅರ್ಧ ಭಾಗ ನೀಲಿ, ಅದ್ರ ಮೇಲೆ ಚಿನ್ನದ ಚಿತ್ತಾರ, ರಾಜ ಮೂರನೇ ಜಾರ್ಜ್‌ನ ಜಿ ಆರ್ ಗುರುತು. ಆ ನೀಲಿ ಬಣ್ಣ ಬಳಿದಿದ್ದಲ್ಲ ರೀ, ಉಕ್ಕನ್ನ ಹದವಾಗಿ ಕಾಯಿಸಿದಾಗ ತಾನಾಗೇ ಬರೋ ಬಣ್ಣ, ಚಿನ್ನಾನ ಪಾದರಸದಲ್ಲಿ ಕಲಸಿ ಹಚ್ಚಿ ಬಿಸಿ ಮಾಡಿ ಪಾದರಸ ಹಾರಿಸ್ತಿದ್ರು, ಮಾಡೋರ ಆರೋಗ್ಯ ಹಾಳಾಗ್ತಿತ್ತು ಅದು ಬೇರೆ ಮಾತು. ಬೆನ್ನಿನ ಮೇಲೆ ರಂಕೆಲ್ ಸೋಲಿಂಗೆನ್ ಅಂತ ಹೆಸರಿದೆ, ಅಂದ್ರೆ ಜರ್ಮನಿಯ ಸೋಲಿಂಗೆನ್ ಊರಲ್ಲಿ ಮಾಡಿ ರಂಕೆಲ್ ಅನ್ನೋ ವ್ಯಾಪಾರಿ ಲಂಡನ್ನಿಗೆ ತರಿಸಿದ ಅಲಗು. ಬ್ರಿಟಿಷ್ ಆಫೀಸರ್ ಸೊಂಟದಲ್ಲಿ ಜರ್ಮನ್ ಉಕ್ಕು, ಆಗ ಇದು ಮಾಮೂಲಿ.

ಈಗ ಕಂಪ್ಲೇಂಟ್. ಡೀಲರ್ ಲಿಸ್ಟಿಂಗಲ್ಲಿ ವಾಟರ್ಲೂ ಕತ್ತಿ, ಅಂದ್ರೆ 1815ರಲ್ಲಿ ನೆಪೋಲಿಯನ್ ಸೋತ ಯುದ್ಧದ್ದು, ಅಂತ ದೊಡ್ಡದಾಗಿ ಹಾಕಿದ್ದ. ಯಾವ ಆಫೀಸರ್‌ದು, ಯಾವ ರೆಜಿಮೆಂಟು, ಕಾಗದ ಏನಾದ್ರೂ ಇದ್ಯಾ ಅಂತ ಕೇಳಿದ್ರೆ ಆ ಕಾಲದ್ದು ಸರ್ ಅಂತ ಅದೇ ರಾಗ. 1796ರಿಂದ 1821ರಲ್ಲಿ ಹೊಸ ಪ್ಯಾಟರ್ನ್ ಬರೋವರೆಗೂ ಈ ಮಾದರಿನೇ ಚಾಲ್ತಿಲಿತ್ತು, ಇಂಥ ಎಲ್ಲಾ ಕತ್ತಿನೂ ವಾಟರ್ಲೂಗೆ ಹೋಗಿದ್ರೆ ಅಲ್ಲಿ ಕಾಲಿಡೋಕೂ ಜಾಗ ಇರ್ತಿರ್ಲಿಲ್ಲ. ಜೊತೆಗೆ ಹಿಡಿಯ ತಂತಿ ಹೊಸದಾಗಿ ಸುತ್ತಿರೋದು ಎದ್ದು ಕಾಣ್ತಿತ್ತು, ಅದನ್ನೂ ಬರೆದಿರ್ಲಿಲ್ಲ. ಎರಡೂ ತೋರಿಸಿ ಚೌಕಾಶಿ ಮಾಡಿದೆ, ರೇಟು ಇಳೀತು. ಅಲಗು ಮಾತ್ರ ಅಪ್ಪಟ.

ಕಥೆನೇ ಬೇಕು ಅಂದ್ರೆ ಅಷ್ಟು ದೂರ ಯಾಕೆ ಹೋಗ್ಬೇಕು. ಈ ಮಾದರಿ ಯಾರಿಗೋಸ್ಕರ ಬಂತೋ ಅದೇ ಲೈಟ್ ಡ್ರಾಗೂನ್ ಅನ್ನೋ ಹಗುರ ಕುದುರೆ ದಳಗಳು ನಮ್ಮ ನೆಲದಲ್ಲೇ ಓಡಾಡಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಗೆ ಬಂದ ಧೋಂಡಿಯಾ ವಾಘ್ ದಂಡು ಕಟ್ಕೊಂಡು ಕಂಪನಿಗೆ ತಲೆನೋವಾಗಿದ್ದ, ಅವನನ್ನ ಅಟ್ಟಿಸ್ಕೊಂಡು ಹೋಗಿ 1800 ಸೆಪ್ಟೆಂಬರ್ 10ಕ್ಕೆ ಕೋನಗಲ್ ಅನ್ನೋ ಊರ ಹತ್ರ ಮುಗಿಸಿದ್ದು ಆರ್ಥರ್ ವೆಲ್ಲೆಸ್ಲಿ, 19 ಮತ್ತು 25ನೇ ಲೈಟ್ ಡ್ರಾಗೂನ್ಸು, ಜೊತೆಗೆ ಮದ್ರಾಸಿನ ದೇಶೀ ಕ್ಯಾವಲ್ರಿ ಇಟ್ಕೊಂಡು. ಮುಂದೆ ವಾಟರ್ಲೂ ಗೆದ್ದ ವೆಲಿಂಗ್ಟನ್ ಇವನೇ. ಇಲ್ಲಿನ ಡೀಲರ್‌ಗಳಿಗೆ ಕೋನಗಲ್ ಹೆಸರೇ ಗೊತ್ತಿಲ್ಲ, ನನಗೆ ಮಾತ್ರ ವಾಟರ್ಲೂಗಿಂತ ಇದೇ ಹೆಚ್ಚು ಕುತೂಹಲ.

ಒರೆ ಕಬ್ಬಿಣದ್ದು, ಸೊಂಟಕ್ಕೆ ನೇತುಹಾಕೋಕೆ ಎರಡು ಬಳೆ, ಒಳಗೆ ಮರದ ಪಟ್ಟಿ. ಹೊರಗೆ ತುಕ್ಕು ಹಿಡಿದು ಗುಳಿ ಬಿದ್ದಿದೆ, ಅದಕ್ಕೇನೂ ಬೇಜಾರಿಲ್ಲ. ದಯವಿಟ್ಟು ಹಿತ್ತಾಳೆ ಪಾಲಿಶ್ ಹಾಕಿ ಅಲಗು ಉಜ್ಜಬೇಡಿ, ನೀಲಿ ಚಿನ್ನ ಎರಡೂ ಒರೆಸಿಕೊಂಡು ಹೋಗುತ್ತೆ, ಒಂಚೂರು ಮೇಣ ತೆಳುವಾಗಿ ಹಚ್ಚಿದ್ರೆ ಸಾಕು. ಇನ್ನು ಕಾನೂನು. 50 ಸೆಂಟಿಮೀಟರ್ ಮೇಲಿನ ಬಾಗಿದ ಕತ್ತಿ ಮಾರಾಟಕ್ಕೆ ಇಂಗ್ಲೆಂಡಲ್ಲಿ 2008ರಿಂದ ನಿಷೇಧ ಇದೆ, ನೂರು ವರ್ಷ ದಾಟಿದ ಆಂಟಿಕ್‌ಗೆ ವಿನಾಯಿತಿ, ಅದಕ್ಕೆ ಬಿಲ್ಲಲ್ಲಿ ಕಾಲ ಬರೆಸಿಕೊಂಡೇ ದುಡ್ಡು ಕೊಡಿ. ಊರಿಗೆ ತಗೊಂಡು ಹೋಗೋ ಪ್ಲಾನ್ ಇದ್ರೆ ಮೊದಲು ನಮ್ಮ ಆಯುಧ ಕಾಯ್ದೆ, ಕಸ್ಟಮ್ಸ್ ರೂಲ್ಸ್ ವಿಚಾರಿಸಿ, ಸೂಟ್‌ಕೇಸಲ್ಲಿ ಹಾಕ್ಕೊಂಡು ಕೆಂಪೇಗೌಡ ಏರ್‌ಪೋರ್ಟಲ್ಲಿ ಇಳಿಯೋ ಐಟಂ ಅಲ್ಲ ಇದು.